ರೊಟ್ಟಿ ಬಡಿದು ಕಲಿತ ರಾಣಿ ಪಾತ್ರ

ಸ್ವೀಡನ್ ದೇಶದ ಸಿನಿಮಾ ನಟಿಯೊಬ್ಬಳಿಂದ ನಮ್ಮ ಬಾಜೂ ಮನೆಯವಳಿಗೆ ಉಪಕಾರವಾಯಿತು ಅಂತ ನಾನು ಹೇಳಿದರೆ ಭಾಲ್ಕಿಯಲ್ಲಿ ಎಲ್ಲರೂ ನಗುತ್ತಾರೆ. ನಗಲಿ, ಅವರ ಹಲ್ಲು ಅವರಿಗೆ. ನಾನು ಹೇಳಹೊರಟಿದ್ದು ಔರಾದದ ಶಾಲುಬಾಯಿಯ ಕಥೆ. ಕಣ್ಣಾರೆ ಕಂಡವಳು ನಾನು, ಶಿವಕಾಂತಾ. ಬೇಳೆ ವ್ಯಾಪಾರಿ ಹಣಮಂತಪ್ಪನವರ ಹೆಂಡತಿ. ಗಂಡನ ಹೆಸರು ಬಾಯಿಂದ ಹೇಳಬಾರದು ಅನ್ನುತ್ತಿದ್ದರು ನಮ್ಮತ್ತೆ. ಬರೆಯಬಾರದು ಅಂತ ಹೇಳಿರಲಿಲ್ಲ.

ಶಾಲುಬಾಯಿ ಮನ್ಮಥಪ್ಪನ ನಾಟಕ ಕಂಪನಿಯಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದಳು. ನಿಜಾಮರ ಕಾಲದಿಂದಲೂ ಆ ಕಂಪನಿಯದು ಮರಾಠಿ ನಾಟಕ. ಔರಾದ, ಉದಗೀರ, ನಮ್ಮ ಭಾಲ್ಕಿ, ಹೀಗೆ ಸುತ್ತುತ್ತಿತ್ತು. ಗಂಡ ಇವಳನ್ನು ಬಿಟ್ಟುಹೋದ ಮೇಲೆ, ಔರಾದದಲ್ಲಿದ್ದ ಮುದಿತಾಯಿ ಜಿಜಾಬಾಯಿಯ ಹೊಟ್ಟೆ ತುಂಬುತ್ತಿದ್ದದ್ದು ಇವಳ ಬಣ್ಣದ ಸಂಬಳದಿಂದಲೇ. ನಮ್ಮ ಮನೆಯ ಪಕ್ಕದ ಖೋಲಿಯಲ್ಲಿ ಬಾಡಿಗೆಗಿದ್ದಳು. ನಾಟಕದವಳು ಅಂತ ನಮ್ಮತ್ತೆ ಆ ಖೋಲಿಗೂ ನಮ್ಮ ಮನೆಗೂ ನಡುವಿನ ನಡುಬಾಗಿಲ ಅಗಳಿ ತೆಗೆಯುತ್ತಲೇ ಇರಲಿಲ್ಲ. ನನಗೂ ಆಗ ದೊಡ್ಡ ಮನೆತನದ ಸೊಸೆ ಅನ್ನುವ ಬಿಂಕವಿತ್ತು.

ಐವತ್ತಾರನೇ ಇಸವಿಯಲ್ಲಿ ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸಾಲೆಯಲ್ಲಿ ಮಕ್ಕಳಿಗೆ ಸಕ್ಕರೆ ಹಂಚಿದರು. ಉದಗೀರ ಆಚೆ ಮುಂಬಯಿ ಕಡೆಗೆ ಹೋಯಿತು. ಮನ್ಮಥಪ್ಪ ಗಾಳಿ ಬಂದಾಗ ತೂರಿಕೊಳ್ಳುವ ಮನುಷ್ಯ. ಇನ್ನು ಮುಂದೆ ಕನ್ನಡ ನಾಟಕವೇ, ಸಂಕ್ರಾಂತಿಗೆ ಬೀದರದಲ್ಲಿ ಮೊದಲ ಆಟ ಅಂದ. ರಾಣಿಯ ಪಾತ್ರಕ್ಕೆ ಗದಗಿನಿಂದ ಒಬ್ಬಳನ್ನು ಕರೆಸುವ ಮಾತಾಡಿದ. ಶಾಲುಬಾಯಿಯ ಕನ್ನಡ ಬದನೆಕಾಯಿ ಚೌಕಾಶಿಗೆ ಸಾಕಾಗುವಷ್ಟು ಮಾತ್ರ. ಅವಳು ಕೈಮುಗಿದು ಕೇಳಿಕೊಂಡಾಗ, ಸಂಕ್ರಾಂತಿಯೊಳಗೆ ಕಲಿತು ಬೀದರದ ಜನರೆದುರು ನಿಭಾಯಿಸಿದರೆ ಪಾತ್ರ ನಿನ್ನದೇ, ಇಲ್ಲದಿದ್ದರೆ ಔರಾದದ ದಾರಿ ಹಿಡಿ ಅಂದ. ಔರಾದದಲ್ಲಿ ಅವಳಿಗೆ ಕಾದಿದ್ದದ್ದು ತಾಯಿಯ ತಣ್ಣಗಿನ ಒಲೆ.

ಅವನು ಆ ಮಾತು ಹೇಳಿದ್ದು ಬೀದರದಲ್ಲಿ. ವಾಪಸ್ ಬರುವ ರೈಲಿಗೆ ಇನ್ನೂ ಹೊತ್ತಿತ್ತು. ಅಳುವುದಕ್ಕಾದರೂ ಕತ್ತಲಿರುತ್ತದೆ ಅಂತ ಶಾಲುಬಾಯಿ ಟಾಕೀಸಿನ ಜನಾನಾದಲ್ಲಿ ಹೋಗಿ ಕೂತಳಂತೆ. ಹೆಂಗಸರಿಗೆಂದೇ ಬಟ್ಟೆ ಕಟ್ಟಿ ಬೇರೆ ಮಾಡಿದ ಜಾಗ ಅದು. ಲೈಟು ಆರಿದಾಗ ಆ ಬಟ್ಟೆ ಸರಿಸುವುದು, ಹತ್ತುವ ಮೊದಲೇ ಎಳೆದು ಮುಚ್ಚುವುದು ಬಾಗಿಲು ಕಾಯುವ ಹಮೀದುನ್ನಿಸಾಳ ಕೆಲಸ. ಹೈದರಾಬಾದಿನಲ್ಲಿ ಓಡಿ ಓಡಿ ಸವೆದ ರೀಲು ಕಡೆಗೆ ನಮ್ಮ ಬೀದರಕ್ಕೆ ಬರುತ್ತಿದ್ದವು. ಅವತ್ತಿನದು ಇಂಗ್ಲಿಷ್ ಸಿನಿಮಾ. ಮಾತು ಯಾರಿಗೂ ತಿಳಿಯದು. ಆದರೂ ಆ ನಾಯಕಿ ಸುಮ್ಮನೆ ನೋಡುತ್ತ ನಿಂತರೆ ಜನಾನಾದ ಹೆಂಗಸರೆಲ್ಲ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರಂತೆ. ಆಟ ಮುಗಿದರೂ ಎದ್ದು ಹೋಗದ ಶಾಲುಬಾಯಿಯನ್ನು ಹಮೀದುನ್ನಿಸಾ ಏನಾಯಿತು ಅಂತ ಕೇಳಿದಳು. ಕೇಳಿದ ಮೇಲೆ ಉರ್ದು ಸಿನಿಮಾ ಪತ್ರಿಕೆಯಲ್ಲಿ ತಾನು ಓದಿದ್ದನ್ನು ಹೇಳಿದಳು. ಆ ನಟಿ ಸ್ವೀಡನ್ನಿನ ಬಡವರ ಮಗಳು. ಎಳೆ ವಯಸ್ಸಿಗೇ ತಂದೆ ಸತ್ತ. ಅಂಗಡಿಯಲ್ಲಿ ಟೋಪಿ ಮಾರುತ್ತಿದ್ದವಳು ಮೂಕಿ ಸಿನಿಮಾ ಸೇರಿ, ಅಮೇರಿಕಾಕ್ಕೆ ಹೋಗಿ ದೊಡ್ಡ ಹೆಸರಾದಳು. ಅಷ್ಟರಲ್ಲಿ ಸಿನಿಮಾಕ್ಕೆ ಮಾತು ಬಂತು. ಇವಳ ನಾಲಿಗೆಗೆ ಇಂಗ್ಲಿಷ್ ಒಗ್ಗೀತೇ ಅಂತ ಕಂಪನಿಯವರೇ ಹೆದರಿದರು. ಅವಳು ಕಲಿತಳು, ತನ್ನದೇ ರಾಗದಲ್ಲಿ ಆಡಿದಳು, ಜನ ತಲೆ ಮೇಲೆ ಹೊತ್ತುಕೊಂಡರು.

ಅವತ್ತು ಸಂಜೆ ಶಾಲುಬಾಯಿ ನಮ್ಮ ನಡುಬಾಗಿಲು ಬಡಿದಳು. ಕೈಯಲ್ಲಿ ನಾಟಕದ ಕನ್ನಡ ಪ್ರತಿ ಇತ್ತು. ಆ ಅಕ್ಷರ ಅವಳಿಗೆ ಓದಲು ಬಾರದು.

"ಟೋಪಿ ಮಾರಾಕಿ ಕಲ್ತಾಳಂದ್ರ ನಾ ಯಾಕ ಕಲೀಬಾರ್ದ್ರಿ ವೈನಿ? ನೀವು ಓದಿ ಹೇಳ್ರಿ, ನಾ ಅಂತೇನಿ."

ವೈನಿ, ಅಂದರೆ ಅತ್ತಿಗೆ, ಅಂತ ಕರೆದದ್ದಕ್ಕೆ ನನ್ನ ಬಿಂಕ ಎಲ್ಲಿ ಹೋಯಿತೋ. ಒಳಗೆ ಬನ್ನಿ ಅಂದೆ. ಆದರೆ ಕೂತು ಪಾಠ ಹೇಳಲು ತುಂಬಿದ ಮನೆಯ ಸೊಸೆಗೆ ಪುರಸೊತ್ತೆಲ್ಲಿ? ರೊಟ್ಟಿ ಬಡಿಯುವಾಗಲೇ ಪಾಠ. ಪ್ರತಿಯನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ನಾನು ಒಂದು ಸಾಲು ಹೇಳುತ್ತ ರೊಟ್ಟಿ ಬಡಿದರೆ, ಎದುರು ಕೂತ ಅವಳೂ ಅದೇ ಸಾಲು ಹೇಳುತ್ತ ಬಡಿಯುತ್ತಿದ್ದಳು. ಸಾಲು ಉದ್ದವಾದರೆ ರೊಟ್ಟಿ ಅಗಲವಾಗುತ್ತಿತ್ತು. ನಮ್ಮತ್ತೆ ಎರಡು ದಿನ ಮುಖ ಊದಿಸಿಕೊಂಡರು. ಮೂರನೇ ದಿನ ತಾವೇ ಒಲೆ ಮುಂದೆ ಕೂತು, ರಾಣಿ ಮುಂದೇನು ಅಂದಳು ಅಂತ ಕೇಳತೊಡಗಿದರು. ಸಂಕ್ರಾಂತಿ ಬರುವಷ್ಟರಲ್ಲಿ ಶಾಲುಬಾಯಿಗೆ ಇಡೀ ಪಾತ್ರ ಬಾಯಿಗೆ ಬಂದಿತ್ತು. ಬಾಯಿಗೆ ಬಂದಿತ್ತು ಅಂದುಕೊಂಡೆವು. ನಿಜವಾಗಿ ಅದು ಬಂದಿದ್ದು ಕೈಗೆ.

ಬೀದರದ ಆಟಕ್ಕೆ ಹಟ ಹಿಡಿದು ಗಂಡನೊಂದಿಗೆ ಹೋದೆ. ತಗಡಿನ ಥಿಯೇಟರು ತುಂಬಿತ್ತು. ಅಲ್ಲಿಯೂ ಜನಾನಾ ಇತ್ತು. ನನ್ನ ಪಕ್ಕ ಬಂದು ಕೂತು ಗುರುತು ಹೇಳಿಕೊಂಡವಳೇ ಟಾಕೀಸಿನ ಹಮೀದುನ್ನಿಸಾ. ತಾನು ಹುರಿದುಂಬಿಸಿದವಳ ಗತಿ ಏನಾಗುತ್ತದೆ ನೋಡಲು ಬಂದಿದ್ದಳು. ಮೊದಲ ಅಂಕಗಳಲ್ಲಿ ಶಾಲುಬಾಯಿ ಚೆನ್ನಾಗಿಯೇ ಮಾಡಿದಳು. ಮಾತಾಡುವಾಗ ಅಂಗೈ ಸೀರೆಯ ನೆರಿಗೆ ಮೇಲೆ ಮೆಲ್ಲಗೆ ಆಡುತ್ತಿದ್ದದ್ದು ನನಗೊಬ್ಬಳಿಗೇ ಗೊತ್ತಿತ್ತು. ಕಡೆಯ ಅಂಕ ದರ್ಬಾರಿನದು. ಸೆರೆಸಿಕ್ಕ ರಾಣಿಯನ್ನು ಎಳೆದುತಂದರು. ತಾಲೀಮಿನಲ್ಲಿ ಬರೀ ಎಳೆದುತರುತ್ತಿದ್ದರು. ಅವತ್ತು ಮನ್ಮಥಪ್ಪ ಜನರಿಗೆ ನಿಜ ಅನ್ನಿಸಲಿ ಅಂತ ಅವಳ ಎರಡೂ ಕೈ ಹಿಂದಕ್ಕೆ ಹಗ್ಗದಲ್ಲಿ ಬಿಗಿಸಿದ್ದ.

ಪ್ರಧಾನಿ ತನ್ನ ಮಾತು ಮುಗಿಸಿದ. ರಾಣಿ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಸೈಡ್‌ವಿಂಗಿನಿಂದ ಒಬ್ಬ ಸಾಲನ್ನು ಪಿಸುಗುಟ್ಟಿದ, ಆಮೇಲೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿಕೊಟ್ಟ. ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ಗಂಡಸರ ಕಡೆಯಿಂದ ಸೀಟಿ ಬಿತ್ತು. ಮರಾಠಿಯಲ್ಲೇ ಹೇಳು ಬಾಯಿ ಅಂತ ಒಬ್ಬ ಅಣಕಿಸಿದ. ಕೈ ಕಟ್ಟಿದರೆ ರೊಟ್ಟಿ ಹೇಗೆ ಬಡಿಯಬೇಕು? ರೊಟ್ಟಿ ಬಡಿಯದೆ ಮಾತು ಹೇಗೆ ಬರಬೇಕು?

ಕೂತ ಬೆಂಚಿನ ಮೇಲೆ ಅಂಗೈಯಿಂದ ಬಡಿದೆ. ಆ ಗದ್ದಲದಲ್ಲಿ ನನಗೇ ಕೇಳಲಿಲ್ಲ. ಹಮೀದುನ್ನಿಸಾ ಒಮ್ಮೆ ನನ್ನ ಕೈ ನೋಡಿದಳು, ಒಮ್ಮೆ ರಂಗದ ಕಡೆ ನೋಡಿದಳು. ಅವಳಿಗೆ ಕನ್ನಡ ಅಷ್ಟಕ್ಕಷ್ಟೆ, ಆದರೆ ರೊಟ್ಟಿ ಬಡಿಯುವ ಕೈ ಯಾವ ಹೆಂಗಸಿಗೆ ತಿಳಿಯದು?

"ತಗಡಿಗಿ ಬಡೀರಿ ಅಕ್ಕಾ," ಅಂದಳು, "ಅಲ್ಲಿತನಕ ಕೇಳ್ತದ."

ಪಕ್ಕದ ತಗಡಿನ ಗೋಡೆಗೆ ನಾನು ಬಡಿದೆ. ಅವಳೂ ಬಡಿದಳು. ದಪ ದಪ, ದಪ ದಪ. ಶಾಲುಬಾಯಿಯ ತಲೆ ನಮ್ಮ ಕಡೆ ತಿರುಗಿತು. ಭುಜ ಇಳಿಯಿತು. "ಈ ಕಿರೀಟ ನಿಮಗಿರಲಿ ಪ್ರಧಾನರೇ, ನನ್ನ ಮಗನನ್ನು ನನಗೆ ಕೊಡಿ" ಅಂದಳು. ಮಾತು ಕನ್ನಡದ್ದು, ರಾಗ ಔರಾದದ್ದು. ಅಲ್ಲಿಂದ ಕಡೆಯವರೆಗೆ ಎಲ್ಲಿಯೂ ತಡೆಯಲಿಲ್ಲ. ಸೀಟಿ ಹೊಡೆದವನೂ ಟೋಪಿ ತೆಗೆದು ಕಣ್ಣು ಒರೆಸಿಕೊಂಡದ್ದನ್ನು ನಮ್ಮ ಯಜಮಾನರು ನೋಡಿದರಂತೆ. ತಾವೂ ಅತ್ತದ್ದನ್ನು ಮಾತ್ರ ನನಗೆ ಹೇಳಲಿಲ್ಲ.

ಆ ಸಪ್ಪಳವನ್ನು ಜನ ಕಂಪನಿಯ ಕರಾಮತ್ತು ಅಂದುಕೊಂಡರು. ಮನ್ಮಥಪ್ಪನೂ ಜಾಣ, ಮುಂದಿನ ಆಟದಿಂದ ಆ ಜಾಗಕ್ಕೆ ಸರಿಯಾಗಿ ಢೋಲಕ್ಕು ಬಾರಿಸಿದ. ಗದಗಿನವಳ ಮಾತು ಯಾರೂ ಎತ್ತಲಿಲ್ಲ. ಶಾಲುಬಾಯಿ ಕಲಬುರಗಿ, ರಾಯಚೂರು, ಬಿಜಾಪುರ ಅಂತ ಕೂದಲು ಬೆಳ್ಳಗಾಗುವವರೆಗೆ ಕನ್ನಡ ನಾಟಕ ಆಡಿದಳು. ಜಿಜಾಬಾಯಿ ಉಂಡುಟ್ಟು ನೆಮ್ಮದಿಯಿಂದ ಕಣ್ಣು ಮುಚ್ಚಿದಳು. ರಂಗಕ್ಕೆ ಕಾಲಿಡುವ ಮೊದಲು ನೆಲ ಮುಟ್ಟಿ ಗುರುವನ್ನು ನೆನೆಯುವುದು ನಾಟಕದವರ ಪದ್ಧತಿ. ಶಾಲುಬಾಯಿ ಹಾಗೆ ಬಗ್ಗಿದಾಗ ತುಟಿ ಏನೋ ಅನ್ನುತ್ತಿದ್ದವು. ತುಳಜಾಪುರದ ದೇವಿಯ ಹೆಸರಿರಬೇಕು ಅಂದುಕೊಂಡಿದ್ದೆ.

ಎಷ್ಟೋ ವರ್ಷದ ಮೇಲೆ ಬೀದರದಲ್ಲಿ ಹಮೀದುನ್ನಿಸಾ ಸಿಕ್ಕಾಗ ಒಂದು ಗುಟ್ಟು ಹೇಳಿದಳು. ಆ ಸ್ವೀಡನ್ನಿನ ನಟಿ ನಲವತ್ತು ತುಂಬುವ ಮೊದಲೇ ಸಿನಿಮಾ ಬಿಟ್ಟು, ಯಾರಿಗೂ ಮುಖ ತೋರಿಸದೆ ಇದ್ದುಬಿಟ್ಟಳಂತೆ. ಶಾಲುಬಾಯಿಗೆ ಕಥೆ ಹೇಳಿದ ದಿನವೂ ಹಮೀದುನ್ನಿಸಾಳಿಗೆ ಅದು ಗೊತ್ತಿತ್ತು. ಬೇಕೆಂದೇ ಅರ್ಧಕ್ಕೆ ನಿಲ್ಲಿಸಿದ್ದಳು. ಆ ಅರ್ಧ ಕಥೆಗಾಗಿ ಅವಳಿಗೆ ನಾನು ಇಂದಿಗೂ ಕೈಮುಗಿಯುತ್ತೇನೆ.

ಶಾಲುಬಾಯಿ ಬಣ್ಣ ಬಿಟ್ಟು ಔರಾದಕ್ಕೆ ಹೋಗಿ ನೆಲೆಸಿದ ಮೇಲೆ ಒಮ್ಮೆ ನೋಡಲು ಹೋಗಿದ್ದೆ. ಇನ್ನೇನು ಕೆಡುತ್ತದೆ ಅಂತ ಉಳಿದರ್ಧ ಕಥೆಯನ್ನೂ ಹೇಳಿದೆ.

"ದಿನಾ ಸ್ಟೇಜ್ ಮುಟ್ಟಿ ಮೂರು ಮಂದಿಗಿ ನೆನಸ್ತಿದ್ದೆ ವೈನಿ," ಅಂದಳು. "ಆ ಟೋಪಿ ಮಾರಾಕಿ, ಹಮೀದಾ ಆಪಾ, ಮತ್ತ ನೀವು. ಪಾಪ, ಆ ಟೋಪಿಯಾಕಿಗಿ ಅಷ್ಟು ದೊಡ್ಡ ಊರಾಗ ಬಾಜೂ ಮನಿ ವೈನಿ ಒಬ್ಬಾಕಿ ಇರಲಿಲ್ಲೇನೋ."

ರಂಗದ ಮೇಲೆ ಒಂದು ದಿನವೂ ಕಾಲಿಡದ ನಾನು ಇಷ್ಟು ವರ್ಷ ಅಲ್ಲಿಯೇ ಇದ್ದೆನಲ್ಲ ಅನ್ನಿಸಿತು. ರೊಟ್ಟಿ ನಾನು ಮಾಡುತ್ತೇನೆ ಅಂತ ಎದ್ದು ಒಲೆ ಮುಂದೆ ಕೂತೆ. ಎದುರಿಗೆ ಬಂದು ಅವಳೂ ಕೂತಳು.