ಹೆಸರಿಲ್ಲದೆ ಉಳಿದ ಹಸುಗಳು

ಹೋದ ವಾರ ಪಕ್ಕದ ಮನೆಯಲ್ಲಿ ಬಾಣಂತಿಗೆಂದು ಹರಳೆಣ್ಣೆ ಕಾಯಿಸುತ್ತಿದ್ದರು. ವಾಸನೆ ಕಿಟಕಿಯಿಂದ ಬಂದದ್ದೇ ತಡ, ಅಜ್ಜಂಪುರದ ಆ ತಾತ ನೆನಪಾದರು. ದಿನ ಬೆಳಗಾದರೆ ಹಸುಗಳ ಕೊಂಬಿಗೆ ಹರಳೆಣ್ಣೆ ಸವರುತ್ತಿದ್ದ ಕೈ ಅವರದು. ಅವರು ಎದ್ದುಹೋದ ಮೇಲೂ ಆಫೀಸಿನ ಕುರ್ಚಿ ಅದೇ ವಾಸನೆ ಹೊಡೆಯುತ್ತಿತ್ತು.

ಎಂಬತ್ತರ ದಶಕದ ಕೊನೆ ಅದು. ನಾನು ಕಂಪ್ಯೂಟರ್ ಕೋರ್ಸ್ ಮುಗಿಸಿ, ಅಜ್ಜಂಪುರದಲ್ಲಿ ದನ ಸಾಕುವವರ ಒಂದು ಸಣ್ಣ ಸಂಘದಲ್ಲಿ ಕೆಲಸಕ್ಕೆ ಸೇರಿದ್ದೆ. ಬೀರೂರಿನಿಂದ ರೈಲಿನಲ್ಲಿ ಓಡಾಟ. ಸಂಘದ ಮಂದೆಯನ್ನು ಕಡೂರು, ತರೀಕೆರೆ ಕಡೆಯ ರೈತರಿಗೆ ಹಂಚುವುದೆಂದು ತೀರ್ಮಾನವಾಗಿತ್ತು. ಅಷ್ಟರೊಳಗೆ ಯಾವ ಹಸು ಯಾರ ಮಗಳು ಎಂದು ಬರೆದಿಟ್ಟುಕೊಳ್ಳದಿದ್ದರೆ ತಳಿಯ ಎಳೆಯೇ ಕಡಿದುಹೋಗುತ್ತಿತ್ತು. ಅದೆಲ್ಲ ಇದ್ದದ್ದು ಮಂದೆ ಕಾಯುವ ತಾತನ ತಲೆಯಲ್ಲಿ ಮಾತ್ರ. ಅವರಿಗೆ ಓದು ಬರಹ ಗೊತ್ತಿರಲಿಲ್ಲ.

ತಾತ ಹಸುವಿನ ಹೆಸರನ್ನು ಸುಮ್ಮನೆ ಹೇಳುತ್ತಿರಲಿಲ್ಲ. ಮೊದಲು ಅದರ ಅಜ್ಜಿ, ಆಮೇಲೆ ತಾಯಿ, ಕೊನೆಗೆ ಅದು. ಅದೂ ಬೆಳಗ್ಗೆ ಕಟ್ಟೆಯಲ್ಲಿ ನೀರಿಗಿಳಿದ ಸಾಲಿನಲ್ಲೇ. ನಡುವೆ ಬಾಯಿ ಹಾಕಿದರೆ ಮತ್ತೆ ಮೊದಲಿನಿಂದ ಶುರು... ದಿನಕ್ಕೊಂದು ಗುಂಪಿನಂತೆ ಅವರು ಕಣ್ಣು ಮುಚ್ಚಿ ಹೇಳುತ್ತಿದ್ದರು, ನಾನು ನೇರ ಕಂಪ್ಯೂಟರಿಗೆ ಟೈಪ್ ಮಾಡುತ್ತಿದ್ದೆ.

“ಕಾಗ್ದದಲ್ಲೂ ಒಂದ್ಸಲ ಬರ್ಕಳವ್ವ,” ಎಂದರು ಒಂದು ದಿನ.

“ಇದ್ರಲ್ಲಿ ಹಾಕಿದ್ರೆ ಅಳಿಸೋದೇ ಇಲ್ಲ ತಾತ,” ಎಂದು ನಕ್ಕುಬಿಟ್ಟೆ. ಎಳೆ ವಯಸ್ಸಿನ ಜಂಬ, ಬೇರೇನಲ್ಲ.

ಸಂಜೆ ಆ ದಿನದ ಹೆಸರುಗಳನ್ನು ಫೈಲಿನಿಂದ ಓದಿ ಹೇಳುತ್ತಿದ್ದೆ. ಒಂದೂ ತಪ್ಪಿರುತ್ತಿರಲಿಲ್ಲ. ತಾತ ತಲೆಯಾಡಿಸಿ ಎದ್ದುಹೋಗುತ್ತಿದ್ದರು.

ಮಂದೆ ಹಂಚಿಹೋದ ಮೇಲೆ ಪೂರ್ತಿ ಪಟ್ಟಿ ತೆಗೆಯಲು ಕೂತೆ. ವಯಸ್ಸು ಸರಿಯಿತ್ತು, ಹಲ್ಲಿನ ಲೆಕ್ಕ ಸರಿಯಿತ್ತು. ಹೆಸರಿರಬೇಕಾದ ಕಡೆಯೆಲ್ಲ ಅರ್ಥವಿಲ್ಲದ ಗುರುತುಗಳು. ಫ್ಲಾಪಿ ಬದಲಿಸಿದೆ, ಪ್ರೋಗ್ರಾಮಿನಲ್ಲಿ ಫೈಲ್ ತೆರೆಯುವ ಸಾಲನ್ನು ತಿದ್ದಿದೆ, ಬರೆಯುವ ಸಾಲನ್ನು ತಿದ್ದಿದೆ. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಸಿ ಭಾಷೆಯಲ್ಲಿ ನಾನು ಬರೆದ ಪ್ರೋಗ್ರಾಮಿನಲ್ಲಿ, ಒಂದೊಂದು ಹಸುವಿನ ರೆಕಾರ್ಡಿನೊಳಗೆ ಹೆಸರಿಗೆ ಜಾಗವನ್ನೇ ಇಟ್ಟಿರಲಿಲ್ಲ, ಇಟ್ಟದ್ದು ಬರಿ ಪಾಯಿಂಟರ್. ಅಂದರೆ ಹೆಸರು ಯಂತ್ರದ ನೆನಪಿನಲ್ಲಿ ಎಲ್ಲಿ ಕೂತಿದೆ ಎಂಬ ವಿಳಾಸ. ಫೈಲಿಗೆ ಹೋದದ್ದು ಆ ವಿಳಾಸ ಮಾತ್ರ. ಯಂತ್ರ ಆರಿಸುವವರೆಗೆ ಹೆಸರು ಅಲ್ಲೇ ಇರುತ್ತಿದ್ದರಿಂದ ಸಂಜೆಯ ಓದು ಸರಿ ಬರುತ್ತಿತ್ತು. ಆರಿಸಿದರೆ ಮುಗಿಯಿತು, ಹೆಸರು ಹೋದಂತೆಯೇ.

ಒಂದೊಂದು ಹೆಸರಿಗೂ ಮೂವತ್ತು ಅಕ್ಷರದ ಜಾಗ ರೆಕಾರ್ಡಿನೊಳಗೇ ಇಟ್ಟೆ. ಅರ್ಧ ಗಂಟೆಯ ಕೆಲಸ.

ತಾತನ ಮನೆಗೆ ಹೋಗಿ, “ಸರಿ ನೋಡ್ಕೊಳ್ಳೋಕೆ ಇನ್ನೊಂದ್ಸಲ ಹೇಳಿ ತಾತ,” ಎಂದೆ. ನಡೆದದ್ದನ್ನು ಹೇಳಲಿಲ್ಲ. ಅವರು ನನ್ನನ್ನು ಕಟ್ಟೆಗೇ ಕರೆದುಕೊಂಡು ಹೋಗಿ, ಖಾಲಿ ನೀರಿಗೆ ಮುಖ ಮಾಡಿ ಕೂತರು. ಹನ್ನೊಂದು ಹೆಸರು ಬಂದವು. ಹನ್ನೆರಡನೆಯದಕ್ಕೆ ನಿಂತರು. ಮೊದಲಿನಿಂದ ಶುರು ಮಾಡಿದರು, ಮತ್ತೆ ಅಲ್ಲೇ ನಿಂತರು...

“ದನ ಕಣ್ಮುಂದೆ ಇಲ್ವಲ್ಲ ಕಣವ್ವ, ಬಾಯಿಗೇ ಬರಾಕಿಲ್ಲ,” ಎಂದು ನಕ್ಕರು. “ನಾನ್ ಮರೆತ್ರೇನು, ನಿನ್ ಮಿಷನ್ನಲ್ಲಿ ಐತಲ್ಲ, ಬಿಡು.”

“ಹ್ಞೂಂ ತಾತ, ಇದೆ,” ಎಂದೆ.

ಆಮೇಲೆ ಎಷ್ಟೋ ವರ್ಷ ಕಂಪ್ಯೂಟರ್ ಕಲಿಯುವ ಹುಡುಗರಿಗೆ ಇದನ್ನೇ ಪಾಠ ಹೇಳಿದೆ. ಪ್ರತಿ ವರ್ಷ ಯಾರಾದರೊಬ್ಬರು ಇದೇ ತಪ್ಪು ಮಾಡುತ್ತಿದ್ದರು. ತಿದ್ದಿ ತಿದ್ದಿ ಸಾಕಾಗಿದೆ. ತಾತ ಹೋಗಿ ಬಹಳ ಕಾಲವಾಯಿತು. ಅವತ್ತೇ ನಿಜ ಹೇಳಿದ್ದರೆ, ಕೋಲು ಹಿಡಿದು ಕಡೂರು, ತರೀಕೆರೆ ಕಡೆಯ ಊರೂರು ಅಲೆದು, ಒಂದೊಂದು ಹಸುವಿನ ಮುಂದೆಯೂ ನಿಂತು ಹೆಸರು ಹೇಳಿಬಿಡುತ್ತಿದ್ದರು. ಅವರ ಕಾಲಲ್ಲಿ ಇನ್ನೂ ಅಷ್ಟು ಕಸುವಿತ್ತು. ಬಾಯಿ ಬರದೇ ಹೋದದ್ದು ನನಗೆ.