ಲಕ್ಷ್ಮಿಗೆ ಬಿಟ್ಟ ಕಟ್ಟು

ನನ್ನ ಅಕ್ಷರ ಚೆನ್ನಾಗಿಲ್ಲ, ಅದಕ್ಕೆ ಮೊದಲೇ ಕ್ಷಮಿಸಿ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಮಾತೂ ಹೊಂದಿಸಿ ಬರೆಯಲು ಬರುವುದಿಲ್ಲ. ವಾಚನಾಲಯದವರು ಊರಿನ ಒಬ್ಬರ ಬಗ್ಗೆ ಬರೆದುಕೊಡಿ ಎಂದಾಗ ದೊಡ್ಡವರ ಹೆಸರು ಯಾವುದೂ ನೆನಪಾಗಲಿಲ್ಲ. ಶಿದ್ರಾಮಪ್ಪ ಕಾಕಾ ನೆನಪಾದರು. ತಪ್ಪು ಬರೆಯಬಾರದೆಂದು ಎರಡು ಸಲ ಬರೆದು ಹರಿದು, ಇದು ಮೂರನೆಯದು.

ಬನಹಟ್ಟಿಯ ಸೋಮಲಿಂಗ ಸಾವಕಾರರ ಸೀರೆ ಕಾರಖಾನೆಯಲ್ಲಿ ಕಾಕಾ ನೂಲಿನ ಗೋದಾಮು ನೋಡಿಕೊಳ್ಳುತ್ತಾರೆ. ನಾನು ಅಲ್ಲೇ ಕಂಪ್ಯೂಟರಿಗೆ ಲೆಕ್ಕ ತುಂಬುತ್ತೇನೆ. ಕಾಕಾ ತೇರದಾಳದವರು. ಮೀಸೆ ಬರುವ ಮೊದಲೇ ಇಲ್ಲಿಗೆ ಬಂದು ಲಾಳಿಯ ಕಂಡಿಕೆಗೆ ನೂಲು ಸುತ್ತಿದರು, ಆಮೇಲೆ ಮಗ್ಗ ನಡೆಸಿದರು. ಮಗ್ಗದ ಸದ್ದಿಗೆ ಎಡಗಿವಿ ಹೋದ ಮೇಲೆ ಸಾವಕಾರರ ತಂದೆ ಅವರನ್ನು ಗೋದಾಮಿಗೆ ಹಾಕಿದರಂತೆ. ಅಂದಿನಿಂದ ಯಾವ ಬಣ್ಣದ ನೂಲು ಎಷ್ಟು, ಯಾವಾಗ ತರಿಸಬೇಕು ಎನ್ನುವುದು ಅವರದೇ ಜವಾಬ್ದಾರಿ. ದಿನಾ ಮಗ್ಗಗಳ ನಡುವೆ ಒಂದು ಸುತ್ತು ತಿರುಗಿ ಬಂದು ನೂಲಿನ ವ್ಯಾಪಾರಿಗಳಿಗೆ ಫೋನ್ ಮಾಡುತ್ತಿದ್ದರು.

ಈಗೀಗ ಅವರಿಗೆ ಮರೆವು. ಹೋದ ದೀಪಾವಳಿಗೆ ಹಸಿರು ನೂಲು ಕಳಿಸಲು ಎರಡು ಸಲ ಹೇಳಿಬಿಟ್ಟರು. ಇಡಲು ಜಾಗವಿಲ್ಲದೆ ಸಾವಕಾರರ ಮನೆಯ ಪಡಸಾಲೆಯಲ್ಲಿ ಒಟ್ಟಬೇಕಾಯಿತು. ಮೊಣಕಾಲೂ ಬಗ್ಗುವುದಿಲ್ಲ. ಮನೆಯಲ್ಲಿ ಕೂರುತ್ತೇನೆ ಎಂದು ಕಾಕಾ ಕೇಳಿದಾಗಲೆಲ್ಲ ಸಾವಕಾರರದು ಒಂದೇ ಮಾತು: "ನೀವು ಹ್ವಾದ್ರ ನೂಲು ಯಾರು ತರಸ್ತಾರ್ರೀ?"

ಆಗ ಬಂದದ್ದು ನೂಲಿನ ಲೆಕ್ಕದ ಈ ಸಾಫ್ಟ್‌ವೇರ್. "ಇದು ಸರಿಯಾಗಿ ನೂಲು ಕೇಳಾಕ ಕಲೀಲಿ ಕಾಕಾ, ಆಮ್ಯಾಲ ನೀವು ಆರಾಮ ಮನಿಗಿ ಹೋಗ್ರಿ" ಎಂದು ಸಾವಕಾರರು ಮಾತು ಕೊಟ್ಟರು. ಹಾಗಾಗಿ ಕಂಪ್ಯೂಟರ್ ಬಂತೆಂದು ಕಾರಖಾನೆಯಲ್ಲಿ ಎಲ್ಲರಿಗಿಂತ ಸಂತೋಷಪಟ್ಟವರು ಕಾಕಾ. ಕುರ್ಚಿಯ ಧೂಳನ್ನು ತಮ್ಮ ಹೆಗಲ ಮೇಲಿನ ವಲ್ಲಿಯಿಂದ ಒರೆಸಿ ನನ್ನನ್ನು ಕೂರಿಸಿದರು.

ಅದನ್ನು ಹೊಂದಿಸಲು ಜಮಖಂಡಿಯಿಂದ ಕೌಸ್ತುಭ ಸರ್ ಬರುತ್ತಿದ್ದರು. ಅವರು ಹೇಳಿದ್ದು ಇಷ್ಟು: ಯಾವ ಸೀರೆ ಎಷ್ಟು ನೇಯಬೇಕು, ಒಂದು ಸೀರೆಗೆ ಯಾವ ನೂಲು ಎಷ್ಟು ಬೇಕು, ಗೋದಾಮಿನಲ್ಲಿ ಎಷ್ಟಿದೆ, ಹೇಳಿದ ಮೇಲೆ ಬರಲು ಎಷ್ಟು ದಿನ ಹಿಡಿಯುತ್ತದೆ. ಇವನ್ನು ತುಂಬಿದರೆ ಬೇಕಾದದ್ದರಲ್ಲಿ ಇದ್ದದ್ದನ್ನು ಕಳೆದು, ಏನು ತರಿಸಬೇಕು, ಯಾವಾಗ ಹೇಳಿ ಕಳಿಸಬೇಕು ಎಂದು ಅದೇ ತೋರಿಸುತ್ತದೆ.

"ಇಷ್ಟೂ ನಾವ ಹೇಳಿ ಕೊಟ್ಟ ಮ್ಯಾಲ ಅದು ಮಾಡೂದೇನ್ ತಮ್ಮಾ? ನಮ್ಮ ಅಳಿಯಾ ಇದ್ದಂಗ ಐತಲ್ಲ" ಎಂದರು ಕಾಕಾ.

"ನಿಮ್ಮ ಅಳಿಯಾ ಮರೀತಾನ್ರೀ, ಇದು ಮರ್ಯಂಗಿಲ್ಲ" ಎಂದರು ಸರ್.

"ಹಂಗಾರ ಛಲೋ. ಮರ್ಯೂದರಾಗ ನಾ ಒಬ್ಬಾವ ಸಾಕು."

ಇದ್ದ ನೂಲನ್ನೆಲ್ಲ ಎಣಿಸುವ ದಿನ ಕಾಕಾ ಕೂಗಿ ಹೇಳಿದರು, ನಾನು ತುಂಬಿದೆ. ಪ್ರತಿ ಬಣ್ಣದ ಹಲಗೆಯ ಮೇಲೆ, ಹಿಂಬದಿಯಲ್ಲಿ ಗೋಡೆಗೆ ಒತ್ತಿ ನೂಲಿನ ಒಂದು ಕಟ್ಟು ಇತ್ತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು. ಅದು ಲಕ್ಷ್ಮಿಗೆ ಬಿಟ್ಟದ್ದು. ಹಲಗೆ ಬರಿದಾಗಬಾರದೆಂದು ಹಳೆಯ ಸಾವಕಾರರ ಕಾಲದಿಂದ ಅದನ್ನು ಯಾರೂ ಮುಟ್ಟುವುದಿಲ್ಲ. ಪ್ರತಿ ಶುಕ್ರವಾರ ಕಾಕಾ ಊದುಬತ್ತಿ ತೋರಿಸುತ್ತಾರೆ.

"ಕಾಕಾ, ಇದನ್ನೂ ಬರೀಲೇನ್ರೀ?" ಎಂದು ಕೇಳಿದೆ. ಕೌಸ್ತುಭ ಸರ್ ಚಹಾಕ್ಕೆ ಹೋಗಿದ್ದರು.

"ಬರಿ ಯವ್ವಾ. ಕಣ್ಣ ಮುಂದ ಇದ್ದದ್ದನ್ನ ಇಲ್ಲ ಅನ್ನೂದಾ? ಲಕ್ಷ್ಮಿ ಸಿಟ್ಟಾಗತಾಳ."

ನನಗೂ ಅದು ಸರಿ ಎನಿಸಿತು. ನಮ್ಮ ಮನೆಯಲ್ಲೂ ಜೋಳದ ಡಬ್ಬಿ ನೋಡಿ ಇಲ್ಲ ಎನ್ನುವುದಿಲ್ಲ. ಎಲ್ಲ ಬಣ್ಣಗಳಿಗೂ ಆ ಒಂದೊಂದು ಕಟ್ಟನ್ನು ಸೇರಿಸಿ ತುಂಬಿದೆ.

ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಹಲಗೆಗಳಲ್ಲಿ ಹಳೆಯ ನೂಲು ಸಾಕಷ್ಟಿತ್ತು. ಕಂಪ್ಯೂಟರ್ ಕೇಳಿದ್ದನ್ನು ಸಾವಕಾರರು ತರಿಸಿದರು. ಕಾಕಾ ಫೋನ್ ಮುಟ್ಟಲಿಲ್ಲ. ಸಂಜೆ ಹೋಗುವಾಗ ತಮ್ಮ ಸಾಮಾನುಗಳನ್ನು ಒಂದೊಂದಾಗಿ ಮನೆಗೆ ಒಯ್ಯತೊಡಗಿದರು. ಒಂದು ದಿನ ಕೊಡೆ, ಒಂದು ದಿನ ಕೂರುವ ದಿಂಬು, ಮತ್ತೊಂದು ದಿನ ನೀರಿನ ತಾಮ್ರದ ತಂಬಿಗೆ. "ಒಮ್ಮೆಲೆ ಒಯ್ದ್ರ ಸಾವಿತ್ರೆವ್ವ ಅಂಜತಾಳ, ಕೆಲಸದಿಂದ ತಗದಾರಂತ" ಎಂದು ನಗುತ್ತಿದ್ದರು. ಸಾವಿತ್ರೆವ್ವ ಅವರ ಹೆಂಡತಿ.

ಆಮೇಲೆ ಮದುವೆ ಸೀರೆಗಳ ಕೆಲಸ ಬಂತು. ಕುಂಕುಮ ಬಣ್ಣದ ಒಡಲಿನ ಸೀರೆಗಳನ್ನು ಯಲ್ಲವ್ವಕ್ಕನ ಮಗ್ಗಕ್ಕೆ ಹಾಕಿದ್ದರು. ಕೊನೆಯ ಸೀರೆಗಳಿಗೆ ನೂಲು ಮುಗಿದು ಆಕೆ ಗೋದಾಮಿಗೆ ಬಂದಳು. ಕಂಪ್ಯೂಟರಿನಲ್ಲಿ ಆ ಬಣ್ಣದ್ದು ಒಂದು ಕಟ್ಟು ಇದೆ ಎಂದು ತೋರಿಸಿತು. ಹಲಗೆಯಲ್ಲೂ ಒಂದೇ ಇತ್ತು. ಅದರ ಮೇಲೆ ಅರಿಶಿನ ಕುಂಕುಮವಿತ್ತು. ಅದನ್ನೂ ಲೆಕ್ಕಕ್ಕೆ ಹಿಡಿದು ಕಂಪ್ಯೂಟರ್ ಒಂದು ಕಟ್ಟು ಕಡಿಮೆ ಕೇಳಿತ್ತು.

"ಕೊಡ್ರಿ ಕಾಕಾ, ಮಗ್ಗ ನಿಂತೈತಿ."

"ಅದು ಕೊಡೂದಲ್ಲ ಬೇ."

"ಐತಿ ಅಂತ ನಿಮ್ಮ ಟೀವಿನ ತೋರಸಾಕತ್ತೈತಲ್ರೀ. ನಿಮಗ ಕೇಳಸಂಗಿಲ್ಲ, ಈಗ ಕಾಣಸಂಗೂ ಇಲ್ಲೇನು?"

"ಐತಿ. ಕೊಡಾಕ ಇಲ್ಲ."

"ಲಕ್ಷ್ಮಿ ಸೀರಿ ಉಟ್ಟು ಕುಂತಾಳ. ನನ್ನ ಕೂಲಿ ಯಾರು ಕೊಡತಾರ?"

ಕಾಕಾ ಆ ಕಟ್ಟನ್ನು ತೆಗೆದು ಬಾಗಿಲ ಬೆಳಕಿಗೆ ತಂದು ಆಕೆಯ ನೂಲಿನ ಎಳೆಯ ಪಕ್ಕ ಹಿಡಿದರು. ಎಷ್ಟೋ ವರ್ಷದ ಹಳೆಯ ನೂಲು, ಬಣ್ಣ ಮಂಕಾಗಿತ್ತು. ಹೊಕ್ಕಿನ ಅಡ್ಡ ಎಳೆಯಲ್ಲಿ ಹಾಕಿದರೆ ಸೀರೆಯ ನಡುವೆ ಪಟ್ಟಿ ಬೀಳುವುದು ನನಗೂ ಕಾಣಿಸಿತು. ಯಲ್ಲವ್ವಕ್ಕ ತನ್ನ ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಹೊರಟಳು. ಕಾಕಾ ಅದನ್ನು ಹಿಂದಕ್ಕೆ ಇಟ್ಟರು.

ಇಚಲಕರಂಜಿಯಿಂದ ನೂಲು ಬಂದು, ಬಣ್ಣವಾಗಿ, ಒಣಗುವವರೆಗೆ ಆ ಮಗ್ಗ ನಿಂತಿತು. ಸಾವಕಾರರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಈ ಡಬ್ಬಿ ಮ್ಯಾಲ ನಂಬಿಗಿ ಬರವಲ್ದು. ಇನ್ನಷ್ಟು ದಿನ ನೀವ ನೋಡ್ಕೊಳ್ರಿ ಕಾಕಾ" ಎಂದರು.

ಲಕ್ಷ್ಮಿಯ ಕಟ್ಟನ್ನು ಸೇರಿಸಲು ಹೇಳಿದ್ದು ತಾವೇ ಎಂದು ಕಾಕಾ ಹೇಳಿದರು. ಸಾವಕಾರರು "ಇರ್ಲಿ ಬಿಡ್ರಿ" ಎಂದು ಹೊರಟುಹೋದರು. ಕಾಕಾ ನೂಲಿನ ಮೂಟೆಯ ಮೇಲೆ ಕುಳಿತು ಮೊಣಕಾಲು ಒತ್ತಿಕೊಂಡರು. "ಆತು" ಎಂದರು, ಅಷ್ಟೇ. ಮರುದಿನ ಬೆಳಿಗ್ಗೆ ತಾಮ್ರದ ತಂಬಿಗೆ ಅವರ ಚೀಲದಲ್ಲಿ ಮರಳಿ ಬಂತು.

ಇವತ್ತು ಕೌಸ್ತುಭ ಸರ್ ಬಂದಾಗ ನಾನು ಅಂಜುತ್ತಲೇ ಕೇಳಿದೆ, ಇದ್ದೂ ಕೊಡಬಾರದ್ದನ್ನು ಹೇಗೆ ತುಂಬುವುದು ಎಂದು. ಅವರು ಮೊದಲು ನಕ್ಕರು, ಕಾಕಾನ ಮುಖ ನೋಡಿ ಕುರ್ಚಿ ಎಳೆದು ಕುಳಿತರು. ಪ್ರತಿ ಬಣ್ಣದ ಮುಂದೆ ಒಂದು ಖಾಲಿ ಜಾಗ ತೋರಿಸಿದರು. ಎಂದೂ ಖಾಲಿ ಮಾಡಬಾರದ ಸರಕು ಎಷ್ಟು ಎಂದು ಬರೆಯುವ ಜಾಗವಂತೆ ಅದು. ಅಲ್ಲಿ ಒಂದು ಎಂದು ಬರೆದರೆ ಆ ಕಟ್ಟನ್ನು ಬಿಟ್ಟು ಉಳಿದದ್ದನ್ನಷ್ಟೇ ನಂಬಿ ಅದು ನೂಲು ಕೇಳುತ್ತದೆ.

"ಅಂದ್ರ ಹಲಗಿ ಬರಿದು ಮಾಡಬಾರದಂತ ಅದಕ್ಕೂ ಗೊತ್ತೈತೇನು?" ಎಂದರು ಕಾಕಾ.

"ಗೊತ್ತೈತ್ರಿ. ನೀವು ಹೇಳಿರಲಿಲ್ಲ."

"ನೀನೂ ಕೇಳಲಿಲ್ಲ. ಚಾಕ್ಕ ಹೋಗಿದ್ದಿ."

ಅಷ್ಟರಲ್ಲಿ ಸಾವಕಾರರೂ ಗೋದಾಮಿಗೆ ಬಂದರು. ಈ ಮದುವೆ ಕಾಲ ಪೂರ್ತಿ ಒಂದು ಮಗ್ಗವೂ ನೂಲಿಲ್ಲದೆ ನಿಲ್ಲದಿದ್ದರೆ ಕಾಕಾ ಮನೆಗೆ ಹೋಗಬಹುದು ಎಂದು ಹೇಳಿದರು. ಕಾಕಾ ತಲೆಯಾಡಿಸಿದರು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ, ಸಾವಕಾರರು ಅವರ ಎಡಗಡೆಗೆ ನಿಂತಿದ್ದರು. ನಾನು ಬಲಗಡೆಗೆ ಹೋಗಿ ಇನ್ನೊಮ್ಮೆ ಹೇಳಿದೆ.

ನಾಳೆ ಬೆಳಿಗ್ಗೆ ಬೇಗ ಗೋದಾಮಿಗೆ ಹೋಗಿ ಎಲ್ಲ ಬಣ್ಣಗಳ ಮುಂದೆ ಆ ಖಾಲಿ ಜಾಗದಲ್ಲಿ ಒಂದು ಎಂದು ತುಂಬುತ್ತೇನೆ. ಆಮೇಲೆ ಹಲಗೆಯ ಮುಂದೆ ನಿಂತು ಇನ್ನೊಮ್ಮೆ ಸರಿನೋಡುತ್ತೇನೆ.