ಬಲಕ್ಕೆ ಎರಡೂವರೆ ಗೇಣು

ಮೇ 16, ಶುಕ್ರವಾರ, ಬೆಳಿಗ್ಗೆ 11.40. ಹಾಸನ ಬಿಟ್ಟು ಹೊಳೆನರಸೀಪುರದ ದಾರಿ ಹಿಡಿದು ಇಪ್ಪತ್ತು ನಿಮಿಷವಾಗಿತ್ತು. ಹಂಪ್ ಕಂಡು ಅಮ್ಮ ಬ್ರೇಕ್ ಒತ್ತಿದಳು. ಕಾರು ನಿಂತಿತು, ಆದರೆ ನೆಟ್ಟಗೆ ನಿಲ್ಲಲಿಲ್ಲ. ಮೂಗುದಾರ ಹಿಡಿದು ಎಳೆದ ಹಾಗೆ ಬಲಕ್ಕೆ ತಿರುಗಿ, ಎದುರಿನಿಂದ ಬರುತ್ತಿದ್ದ ಬಸ್ಸಿಗೆ ಮೂತಿ ಕೊಟ್ಟು ನಿಂತಿತು. ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನಮ್ಮೋ, ಮನೇಲಿ ಗಂಡುಸ್ರು ಯಾರೂ ಇಲ್ವಾ?" ಎಂದು ಕೇಳಿ ಹೋದ.

ಐದು ದಿನ ಗ್ಯಾರೇಜಿನಲ್ಲಿ ನಿಂತು, ಹೊಸ ಬ್ರೇಕ್ ಹಾಕಿಸಿಕೊಂಡು ಬಂದ ಕಾರಿನಲ್ಲಿ ನಾವು ಗಟ್ಟಿಯಾಗಿ ಒತ್ತಿದ ಮೊದಲ ಬ್ರೇಕು ಅದು. ನಾನು ಅಲ್ಲೇ ನನ್ನ ಟಿಪ್ಪಣಿ ಪುಸ್ತಕ ತೆಗೆದು ಹೊತ್ತು ಬರೆದುಕೊಂಡೆ.

ಕಾರು ನನ್ನ ತಾತನದು, ಅಂದರೆ ಅಮ್ಮನ ಅಪ್ಪನದು. ನನಗಿಂತ, ಅಷ್ಟೇಕೆ ಅಮ್ಮನಿಗಿಂತಲೂ ವಯಸ್ಸಾದ ಪುಟ್ಟ ಕಾರು. ಗೇರು ಸ್ಟೇರಿಂಗ್ ಪಕ್ಕದಲ್ಲಿದೆ. ಹೊಳೆನರಸೀಪುರದ ಮನೆಯಲ್ಲಿ ಇರುವವರು ನಾನು, ಅಮ್ಮ ಇಬ್ಬರೇ. ಅಮ್ಮ ಹಳ್ಳಿಮೈಸೂರಿನ ಕಡೆಯ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಇಪ್ಪತ್ತೆರಡು ವರ್ಷ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋದವಳು. ಮೂರು ವರ್ಷದ ಹಿಂದೆ, ನಲವತ್ತೇಳನೆಯ ವಯಸ್ಸಿನಲ್ಲಿ, ಈ ಕಾರಿನಲ್ಲೇ ಡ್ರೈವಿಂಗ್ ಕಲಿತಳು. ಬೆಳಿಗ್ಗೆ ಎಂಟೂವರೆಗೆ ಕೀ ತಿರುಗಿಸುವಾಗ ಅವಳ ಮುಖ ನೋಡಿದವರಿಗೆ ಅದು ಬರೀ ಶಾಲೆಗೆ ಹೋಗುವ ದಾರಿಯಲ್ಲ ಎಂದು ಗೊತ್ತಾಗುತ್ತದೆ.

ಏಪ್ರಿಲ್ 9ರಂದು ರಸ್ತೆಗೆ ಅಡ್ಡ ಬಂದ ಕುರಿಮಂದೆಯ ಎದುರು ಹಳೆಯ ಬ್ರೇಕು ಹಿಡಿಯಲಿಲ್ಲ. ಕುರಿಗೆ ಏನೂ ಆಗಲಿಲ್ಲ. ಬಂಪರಿಗೆ ಒಂದಿಷ್ಟು ಉಣ್ಣೆ ಅಂಟಿತ್ತು, ಅಷ್ಟೇ. ಆದರೆ ಸುದ್ದಿ ನಮಗಿಂತ ಮುಂಚೆ ಊರಿಗೆ ಬಂದಿತ್ತು. ಪಕ್ಕದ ಬೀದಿಯಲ್ಲಿರುವ ಮಾವ, ಅಮ್ಮನ ತಮ್ಮ, ಸಾಯಂಕಾಲ ಬಂದು ಜಗಲಿಯಲ್ಲೇ ನಿಂತು ತೀರ್ಪು ಕೊಟ್ಟ.

"ಅಕ್ಕ, ಕೀ ನನ್ ಕೈಗ್ ಕೊಟ್ಬುಡು. ಬಸ್ಸಲ್ಲಿ ಓಗು. ನಿಂಗ್ಯಾಕೆ ಈ ವಯಸ್ನಲ್ಲಿ ಈ ಉಸಾಬರಿ?"

"ಕಾರು ನಿಲ್ದಿದ್ರೆ ಕಾರು ರಿಪೇರಿ ಮಾಡಿಸ್ಬೇಕು ಕಣೋ. ನನ್ನನ್ಯಾಕೋ ಇಳಿಸ್ತೀಯ?"

"ಸರಿ. ಶಾಲೆ ತೆಗಿಯೋದ್ರೊಳ್ಗೆ ನೆಟ್ಟುಗ್ ನಿಲ್ಲುಸ್ ತೋರ್ಸು. ಅತ್ತು ಸಲ. ಒಂದ್ ಸಲ ತಪ್ಪುದ್ರೂ ಕೀ ನಂದು."

"ಆಗ್ಲಿ," ಎಂದಳು ಅಮ್ಮ. ನಾನು ದಿನಾಂಕ ಹಾಕಿ ಬರೆದುಕೊಂಡೆ. ಮಾವ ನಕ್ಕು, "ಬರ್ಕಳಮ್ಮಿ, ಬರ್ಕೊ, ಸೈನೂ ಆಕ್ಲಾ?" ಎಂದ.

ಮೊದಲು ಚನ್ನರಾಯಪಟ್ಟಣಕ್ಕೆ ಹೋದೆವು. ಹಿಂದಿನ ಕಮಾನುಪಟ್ಟಿಗಳು, ಅಂದರೆ ಸ್ಪ್ರಿಂಗ್ ಪಟ್ಟಿಗಳು, ಕುಗ್ಗಿ, ಬ್ರೇಕ್ ಒತ್ತಿದಾಗಲೆಲ್ಲ ಕಾರಿನ ಹಿಂಭಾಗ ಕುಣಿಯುತ್ತಿತ್ತು. ಕಮಾನಿನವರು ಪಟ್ಟಿಗಳನ್ನು ಬಿಚ್ಚಿ, ಕುಲುಮೆಯಲ್ಲಿ ಕಾಯಿಸಿ ಬಾಗಿಸಿ, ಕೇಳದೆಯೇ ಇನ್ನೊಂದು ಪಟ್ಟಿ ಸೇರಿಸಿದರು. "ಲೋಡು ತೆಂಗಿನ್‌ಕಾಯಿ ಆಕಿ ಮೇಡಂ, ಜಪ್ಪಯ್ಯ ಅಂದ್ರೂ ಬಗ್ಗಲ್ಲ" ಎಂದರು. "ಒಯ್ಯೋದು ನನ್ನನ್ನ, ಮತ್ತೆ ನನ್ನ ಟಿಫನ್ ಬಾಕ್ಸ್‌ನ ಅಷ್ಟೇ ಅಣ್ಣ" ಎಂದಳು ಅಮ್ಮ. ನೋಡೋಣವೆಂದು ನುಗ್ಗೇಹಳ್ಳಿಯವರೆಗೆ ಹೋಗಿಬಂದೆವು. ನನ್ನ ತಲೆ ಏಳು ಸಲ ಟಾಪಿಗೆ ಬಡಿಯಿತು. ಸೇರಿಸಿದ ಪಟ್ಟಿ ತೆಗೆಸಿ, ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದ ಮೇಲೆ ಅದೇ ದಾರಿಯಲ್ಲಿ ಒಂದು ಸಲವೂ ಬಡಿಯಲಿಲ್ಲ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಮೇ 12ರಿಂದ 16ರವರೆಗೆ ಕಾರು ಹಾಸನದ ಗ್ಯಾರೇಜಿನಲ್ಲಿತ್ತು. ಮುಂದಿನ ಎರಡು ಚಕ್ರದ ಹಳೆಯ ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಕೂರಿಸಿದರು. ಮಿರಮಿರ ಹೊಳೆಯುವ ಉಕ್ಕಿನ ತಟ್ಟೆ. ಒತ್ತಿದರೆ ಅದನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುವ ಪ್ಯಾಡು. ಕೊನೆಯ ದಿನ ಬಲಚಕ್ರ ಹಾಕಿಯಾಗಿತ್ತು, ಎಡಚಕ್ರ ಹಾಕುವುದಿತ್ತು. ಮೆಕ್ಯಾನಿಕ್ಕು, "ಅಮ್ಮ, ಒಸ ಸಾಮಾನು, ಶಾಸ್ತ್ರುಕ್ಕೆ ಒಂದ್ ಬೊಟ್ಟಿಟ್ಟು ಕಡ್ಡಿ ಅಚ್ಬುಡಿ" ಎಂದ. ಅಮ್ಮ ಸಂತೋಷದಿಂದಲೇ ಎದ್ದಳು. ನುಣುಪಾದ ತಟ್ಟೆಯ ಮೇಲೆ ಒಣಕುಂಕುಮ ನಿಲ್ಲಲಿಲ್ಲ, ಉದುರಿತು. ಅಲ್ಲೇ ಗಣಪತಿಯ ಪಟದ ಕೆಳಗಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ತಂದುಕೊಟ್ಟವಳು ನಾನು. ಎಣ್ಣೆಯಲ್ಲಿ ಕಲಸಿ ಅಮ್ಮ ಡಿಸ್ಕಿನ ಮೇಲೆ ಅಗಲವಾಗಿ 'ಶ್ರೀ' ಬರೆದಳು. ಮೆಕ್ಯಾನಿಕ್ಕು ಕೈಮುಗಿದು, ಚಕ್ರ ಹಾಕಿ ನಟ್ಟು ಬಿಗಿದ. ನನ್ನ ಪುಸ್ತಕದಲ್ಲಿ ಇದಕ್ಕೆ ಒಂದೇ ಸಾಲು: "11.05, ಪೂಜೆ." ಹದಿನೈದು ನಿಮಿಷಕ್ಕೆ ಹೊರಟೆವು. ಮುಂದಿನದು ಮೇಲೇ ಹೇಳಿದ್ದೇನೆ.

ಮೇ 18, ಭಾನುವಾರ. ಮನೆಗಳಿನ್ನೂ ಎದ್ದಿರದ ಬಡಾವಣೆಯ ನೇರ ರಸ್ತೆಯಲ್ಲಿ ಸುಣ್ಣದ ಪುಡಿಯಿಂದ ಉದ್ದಕ್ಕೆ ಗೆರೆ ಹಾಕಿದೆ. ಪಂದ್ಯಕ್ಕಲ್ಲ, ಏನಾಗಿದೆ ಎಂದು ನೋಡಲು, ಅಮ್ಮ ನಿಧಾನವಾಗಿ ಬಂದು ಹತ್ತು ಸಲ ಬ್ರೇಕ್ ಒತ್ತಿದಳು. ಹತ್ತಕ್ಕೆ ಹತ್ತೂ ಬಲಕ್ಕೆ. ಚಕ್ರಕ್ಕೂ ಗೆರೆಗೂ ನಡುವೆ ನನ್ನ ಗೇಣಿನಲ್ಲಿ ಹೆಚ್ಚುಕಡಿಮೆ ಎರಡೂವರೆ. ನೋಡುತ್ತ ನಿಂತಿದ್ದ ಮಾವ, "ನಿಂಗೆ ಕಾಲ್ ಇಡಕ್ ಬರಲ್ಲ ಅಕ್ಕ, ಇಳಿ" ಎಂದು ತಾನೇ ಹತ್ತಿ ಕೂತ. ಅವನು ಒತ್ತಿದ್ದು ಐದು ಸಲ. ಐದೂ ಬಲಕ್ಕೆ. ಒಂದು ಸಲ ಮೂರು ಗೇಣು.

ಇನ್ನು ಒಪ್ಪಿಕೊಳ್ಳುತ್ತಾನೆ ಎಂದುಕೊಂಡೆ. ಮಾವ ಇಳಿದು, ಬಾಗಿಲು ಹಾಕಿ ಹೇಳಿದ್ದು ಇದು: "ನೋಡ್ದಾ, ಕಾರ್ಗೂ ನಿನ್ ಚಾಳಿ ಅತ್ತೋಗದೆ."

ನನಗೆ ಮೈ ಉರಿದುಹೋಯಿತು. ಗೆರೆ ಕಣ್ಣೆದುರಿಗಿದೆ, ಅಳತೆ ಇದೆ, ಅವನದೇ ಕಾಲು. ಆದರೂ ತಪ್ಪು ಮಾತ್ರ ಅಮ್ಮನದು.

ಮರುದಿನ ಹಾಸನದ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆವು. "ಮೇಡಂ, ಒಸಾ ಬ್ರೇಕು ಶಾರ್ಪ್ ಇರ್ತದೆ. ಲೇಡೀಸು ಗಾಬ್ರೀಲಿ ಒತ್ತುವಾಗ ಸ್ಟೇರಿಂಗೂ ತಿರುಗುಸ್ಬುಡ್ತಾರೆ. ಜೆಂಟ್ಸ್ ಯಾರಾದ್ರೂ ಓಡ್ಸಿ ನೋಡ್ಲಿ."

"ನೋಡಿದ್ದಾಯ್ತು. ಐದಕ್ಕೆ ಐದು ಬಲಕ್ಕೇ ಹೋಯ್ತು," ಎಂದೆ.

"ಅವ್ರಿಗೆ ಅಳೇ ಕಾರು ಅಭ್ಯಾಸ ಇರಲ್ಲ ಬುಡಿ."

ಗಂಡಸು ಒತ್ತಿದರೆ ಅಭ್ಯಾಸವಿಲ್ಲ, ಹೆಂಗಸು ಒತ್ತಿದರೆ ಬುದ್ಧಿಯಿಲ್ಲ! ಮೇ 20ರಂದು ಮಾವ ಎತ್ತಿನಗಾಡಿಯ ವೇಗದಲ್ಲಿ ಕಾರನ್ನು ಹಾಸನಕ್ಕೆ ಓಡಿಸಿಕೊಂಡು ಹೋದ. ನಾವು ಹಿಂದೆ ಕೂತಿದ್ದೆವು. ಮೆಕ್ಯಾನಿಕ್ಕು ಒಂದು ಸುತ್ತು ಓಡಿಸಿ ಬಂದು, ರಸ್ತೆಯೇ ಓರೆ ಇದೆ ಎಂದ. ಚಕ್ರ ಬಿಚ್ಚಲಿಲ್ಲ. 21ರಂದು ಹೊಳೆನರಸೀಪುರದಲ್ಲಿ ಚಕ್ರದ ಅಲೈನ್‌ಮೆಂಟ್ ನೋಡುವವನ ಹತ್ತಿರ ಹೋದೆವು. ಅಮ್ಮ ಮೂರು ಪ್ರಶ್ನೆ ಕೇಳಿದಳು. ಮೂರಕ್ಕೂ ಅವನು ಮಾವನ ಮುಖ ನೋಡಿಕೊಂಡು ಉತ್ತರ ಹೇಳಿದ: "ಅಲೈನ್‌ಮೆಂಟ್ ಪರ್ಫೆಕ್ಟ್ ಅದೆ ಸಾ. ಮೇಡಮ್ಮಾರ್ಗೆ ಸ್ಟೇರಿಂಗ್ ಗಟ್ಟಿಯಾಗ್ ಇಡ್ಕೊಳಕ್ ಏಳಿ." 23ರಂದು ಚನ್ನರಾಯಪಟ್ಟಣದ ಕಮಾನಿನವರು, ನಮ್ಮನ್ನು ನಗಿಸಿ ಕಳಿಸಿದ್ದ ಅದೇ ಮನುಷ್ಯ, ಪಟ್ಟಿಗಳನ್ನು ಬಡಿದು ನೋಡಿ, "ಕಮಾನಲ್ಲಿ ಏನೂ ಇಲ್ಲ, ಕೈಯಲ್ಲೇ ಏನೋ ಅದೆ" ಎಂದರು.

ಆ ದಿನ ಪುಸ್ತಕದಲ್ಲಿ ಲೆಕ್ಕ ಹೀಗಿತ್ತು. ಅಮ್ಮನ ಕಾಲು ಅಥವಾ ಕೈ ಸರಿಯಿಲ್ಲ ಎಂದವರು ನಾಲ್ಕು ಜನ. ಚಕ್ರ ಬಿಚ್ಚಿ ನೋಡಿದವರು ಸೊನ್ನೆ. ಶಾಲೆಗೆ ಉಳಿದದ್ದು ಆರು ದಿನ.

ಅವತ್ತು ವಾಪಸು ಬರುವಾಗ ಅಮ್ಮ ತನ್ನ ಬಲಗಾಲನ್ನೇ ನೋಡಿಕೊಂಡು ಕೂತಿದ್ದಳು. "ನಂದೇ ಇರಬಹುದೇನೋ ಮಗಾ" ಎಂದಳು. ನನಗೆ ಆ ನಾಲ್ಕು ಜನರ ಮೇಲೆ ಬಂದ ಎಲ್ಲ ಕೋಪಕ್ಕಿಂತ ದೊಡ್ಡ ಕೋಪ ಬಂದದ್ದು ಆ ಮಾತಿಗೆ. ಸುಣ್ಣದ ಗೆರೆಯನ್ನು ಕಣ್ಣಾರೆ ನೋಡಿದ ಗಣಿತದ ಟೀಚರನ್ನು ಐದು ದಿನದಲ್ಲಿ ಇಲ್ಲಿಗೆ ತಂದು ನಿಲ್ಲಿಸಿದ್ದರು.

ಹಳೇಕೋಟೆ ಕಡೆಯ ಒಬ್ಬ ಟೀಚರ್ ಅರಕಲಗೂಡಿನ ಮುದುಕರೊಬ್ಬರ ಗುರುತು ಹೇಳಿದರು. ಬಸ್ಸುಗಳ ಬ್ರೇಕ್ ಕೆಲಸ ಮಾಡಿ ವಯಸ್ಸಾದವರು. ಮನೆಯ ಮುಂದಿನ ತಗಡಿನ ಶೆಡ್ಡೇ ಅವರ ಗ್ಯಾರೇಜು. ಮೇ 24, ಶನಿವಾರ, 10.15ಕ್ಕೆ ಅಲ್ಲಿದ್ದೆವು. ಮಾವ ಇಳಿದು ಶುರುಮಾಡಿದ: "ಏನಿಲ್ಲ ಯಜಮಾನ್ರೆ, ನಮ್ಮಕ್ಕ ಬ್ರೇಕು..."

ಮುದುಕರು ಕೈ ಅಡ್ಡ ಮಾಡಿದರು. "ಓಡ್ಸೋರು ಯಾರು?"

"ನಾನು," ಎಂದಳು ಅಮ್ಮ.

"ಅಂಗಾದ್ರೆ ನೀನೇಳವ್ವ. ಒತ್ತುದ್ ತಕ್ಷಣ ಎಳೀತದೋ, ನಿಲ್ಲೋ ಗಳ್ಗೇಲೋ?"

"ಒತ್ತಿದ ತಕ್ಷಣ. ಬಲಕ್ಕೆ."

"ಬಲಗಡೇದು ಕೆಲ್ಸ ಮಾಡ್ತಾ ಅದೆ. ಎಡಗಡೇದು ಸುಮ್ಕೆ ಕುಂತದೆ. ಬಿಚ್ಚಾನ."

ಎಂಟು ನಿಮಿಷ. ಎಡಚಕ್ರ ಕೆಳಗಿತ್ತು. ಅವರು ಪ್ಯಾಡನ್ನು ಹೊರಗೆಳೆದು, ಬೆರಳು ತಿಕ್ಕಿ, ಮೂಗಿಗೆ ಹಿಡಿದರು. ಆಮೇಲೆ ಅಮ್ಮನ ಮೂಗಿನ ಹತ್ತಿರ ತಂದರು. ಸುಟ್ಟ ವಾಸನೆಯ ಒಳಗೂ ಕೊಬ್ಬರಿ ಎಣ್ಣೆಯ ಘಮ ಸ್ಪಷ್ಟವಾಗಿತ್ತು. ಪ್ಯಾಡಿನ ಸಂದಿಯಲ್ಲಿ ಕೆಂಪು ಕೂತಿತ್ತು.

"ಯಾರವ್ವಾ ಇದುಕ್ಕೆ ಎಣ್ಣೆಸ್ನಾನ ಮಾಡ್ಸಿದೋರು?"

ಅಮ್ಮ ನನ್ನನ್ನು ನೋಡಿದಳು. ನಾನು ಪುಸ್ತಕ ನೋಡಿಕೊಂಡೆ. ಹೊತ್ತು, ಗೇಣು, ಯಾರು ಏನೆಂದರು, ಎಲ್ಲವೂ ಇದ್ದ ಪುಸ್ತಕದಲ್ಲಿ ಎಣ್ಣೆ ಇರಲಿಲ್ಲ. ಬಾಟಲಿ ತಂದುಕೊಟ್ಟದ್ದನ್ನು ಬರೆಯುವ ವಿಷಯವೆಂದು ನನಗೆ ಅನ್ನಿಸಿಯೇ ಇರಲಿಲ್ಲ. ತಪ್ಪು ನಮ್ಮದು, ಒಪ್ಪಿದೆ. ಆದರೆ ಬೊಟ್ಟಿಡಿ ಎಂದವನು, ಪಕ್ಕದಲ್ಲೇ ಕೈಮುಗಿದು ನಿಂತು ನೋಡಿದವನು, ಬ್ರೇಕ್ ಕೆಲಸವೇ ಕಸುಬಾದವನು. ಎಂಟು ನಿಮಿಷ ಖರ್ಚು ಮಾಡಿ ಚಕ್ರ ಬಿಚ್ಚುವ ಬದಲು ಅವನು ತಪ್ಪನ್ನು ಅಮ್ಮನ ಕೈಕಾಲಿನ ಮೇಲೆ ಹಾಕಿದ.

"ಎಣ್ಣೆ ಬಿದ್ದ ಡಿಸ್ಕು ಇಡಿಯಲ್ಲ ಕಣವ್ವ," ಎಂದರು ಮುದುಕರು. "ಪ್ಯಾಡು ಕುಡ್ದ್ಬುಟ್ಟದೆ. ತೊಳುದ್ರೆ ಓಗಲ್ಲ. ಎರಡೂ ಕಡೇದು ಬದ್ಲಾಯ್ಸು. ನಿನ್ ಕಾಲು ನೆಟ್ಟುಗದೆ." ಡಿಸ್ಕನ್ನು ಥಿನ್ನರಿನಿಂದ ಮೂರು ಸಲ ಒರೆಸಿದರು. ಮಾವ ಶೆಡ್ಡಿನ ಆಚೆ ಹೋಗಿ ಯಾರಿಗೋ ಫೋನ್ ಮಾಡುತ್ತಿದ್ದ.

ಸೋಮವಾರ ಹೊಸ ಪ್ಯಾಡು ಕೂತಿತು. ಮೇ 27, ಮಂಗಳವಾರ, ಬೆಳಿಗ್ಗೆ 7.10, ಅದೇ ರಸ್ತೆ, ಹೊಸ ಗೆರೆ. ಮಾವ ಕೈ ಕಟ್ಟಿಕೊಂಡು ನಿಂತಿದ್ದ. ನಾಲ್ಕನೆಯ ಸಲ ಒಂದು ನಾಯಿ ನಿಜವಾಗಿಯೂ ಅಡ್ಡ ಬಂತು. ಕಾರು ಗೆರೆಯ ಮೇಲೇ ನಿಂತಿತು. ಹತ್ತೂ ಮುಗಿದಾಗ ಅತಿ ಹೆಚ್ಚು ಸರಿದದ್ದು ನನ್ನ ಮೂರು ಬೆರಳಿನಷ್ಟು, ಅದೂ ಎಡಕ್ಕೆ.

"ಇವತ್ತು ರೋಡು ಒಣುಗದೆ," ಎಂದ ಮಾವ.

ಅಮ್ಮ ಕೀ ತೆಗೆದು ಅವನ ಕಣ್ಣೆದುರೇ ತನ್ನ ಬ್ಯಾಗಿಗೆ ಹಾಕಿಕೊಂಡು ಜಿಪ್ ಎಳೆದಳು. "ಹತ್ತು, ಬಾರೋ, ಮನೇಗೆ ಬಿಡ್ತೀನಿ," ಎಂದಳು. ಅವನು ನಡೆದೇ ಹೋದ. 29ರಂದು ಎಂಟೂವರೆಗೆ ಅವಳು ಶಾಲೆಗೆ ಹೊರಟಳು.

ಮಳೆ ಬಿದ್ದ ರಸ್ತೆಯ ಅಳತೆ ನನ್ನ ಹತ್ತಿರ ಇನ್ನೂ ಇಲ್ಲ. ಎಣ್ಣೆ ಕುಡಿದ ಪ್ಯಾಡನ್ನು ಸುಟ್ಟು ಸರಿಮಾಡಬಹುದು ಎಂದು ಕೆಲವರು ಹೇಳುತ್ತಾರೆ, ಕೂಡದು ಎನ್ನುತ್ತಾರೆ ಅರಕಲಗೂಡಿನ ಮುದುಕರು. ಖಚಿತವಾಗಿ ಗೊತ್ತಿರುವವರು ನನಗೆ ಬರೆಯಿರಿ. ಬ್ರೇಕು ಕೆಟ್ಟಾಗ ನಿಮ್ಮ ಕಾಲಿನದೇ ತಪ್ಪು ಎಂದು ಹೇಳಿಸಿಕೊಂಡ ಹೆಂಗಸರಿದ್ದರೆ ಅವರೂ ಬರೆಯಿರಿ. ಊರು, ದಿನಾಂಕ, ಆಮೇಲೆ ಕಂಡ ನಿಜವಾದ ಕಾರಣ ಇದ್ದರೆ ಸಾಕು. ತಪ್ಪು ನಿಮ್ಮದೇ ಎಂದವರು ಹಾಗೆ ಹೇಳುವ ಮುಂಚೆ ಚಕ್ರ ಬಿಚ್ಚಿದ್ದರೋ ಇಲ್ಲವೋ, ಅದನ್ನು ಮಾತ್ರ ಮರೆಯದೆ ತಿಳಿಸಿ.